ಅತ್ತಿಲಿಯೊನನ್ನು ಹೊತ್ತವರು

ನನ್ನ ಗಂಡ ಅತ್ತಿಲಿಯೊ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಸತ್ತ. ಅವನಿಗೆ ನಲವತ್ತೇಳು. ಎದೆಯಲ್ಲಿ ಕಲ್ಲುಪುಡಿ ಕೂತಿದೆ ಅಂದಿದ್ದರು ಡಾಕ್ಟರು. ನಮ್ಮ ಬೆಟ್ಟದ ಗಂಡಸರ ಎದೆಯಲ್ಲಿ ಇನ್ನೇನು ಕೂರುತ್ತದೆ.

ಅವನು ಸಾಯುವಾಗ ನಾನು ಹಾಲು ಕಾಯಿಸುತ್ತಿದ್ದೆ. ಕೆಮ್ಮು ನಿಂತಿತು. ತಿರುಗಿ ನೋಡಿದೆ, ಮುಗಿದಿತ್ತು. ಅಷ್ಟರಲ್ಲಿ ಹಾಲು ಉಕ್ಕಿತು. ಮೊದಲು ಒಲೆ ಒರೆಸಿದೆ. ಆಮೇಲೆ ಹೋಗಿ ಅವನ ಕಣ್ಣು ಮುಚ್ಚಿದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಆಗ ನನಗಿದ್ದದ್ದು ಒಂದೇ ಚಿಂತೆ. ಇವನನ್ನು ಹೊರುವವರು ಯಾರು?

ನಮ್ಮ ಊರು ಕರ್ರಾರ ಪೇಟೆಯ ಮೇಲೆ, ಬೆಟ್ಟದ ಕುತ್ತಿಗೆಯಲ್ಲಿದೆ. ಗೋರಿಗಳಿರುವುದು ಇನ್ನೂ ಮೇಲೆ. ಗಾಡಿ ಹೋಗುವ ದಾರಿಯಲ್ಲ, ಎಲ್ಲ ಮೆಟ್ಟಿಲು. ಪೆಟ್ಟಿಗೆಗೆ ಆರು ಹೆಗಲು ಬೇಕು. ಗಣಿಯವನು ಸತ್ತರೆ ಅವನ ಜೊತೆ ಕೆಲಸ ಮಾಡಿದವರೇ ಹೊರಬೇಕು. ಒಡಹುಟ್ಟಿದ ಅಣ್ಣನಾದರೂ ಬೇರೆ ಗಣಿಯವನಾದರೆ ಹಿಂದೆ ನಡೆಯಬೇಕು. ಅತ್ತಿಲಿಯೊಗೆ ನಾಲ್ಕು ವರ್ಷದಿಂದ ಜೊತೆಯವರೇ ಇರಲಿಲ್ಲ. ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. ಅದಕ್ಕೆ ಕಾರಣ ನಾನು.

ಅವನು ಗಣಿಯಲ್ಲಿ ತಂತಿಗರಗಸದ ಕೆಲಸದವನು. ಮರಳು ಸುರಿದು, ನೀರು ಬಿಟ್ಟು, ಉದ್ದ ತಂತಿಯಲ್ಲಿ ಅಮೃತಶಿಲೆ ಕೊಯ್ಯುವುದು. ಅದರ ಜೊತೆ ಶಂಖ ಊದುವುದೂ ಅವನದೇ. ಸಿಡಿಮದ್ದು ಹಚ್ಚುವ ಮೊದಲು ಒಂದು ಸಲ ಚಿಕ್ಕದಾಗಿ ಊದಬೇಕು, ಕೆಳಗಿನವರು ಮರೆಗೆ ಹೋಗಲಿ ಎಂದು. ಶಂಖ ಅವರಪ್ಪನದು. ಅವರಪ್ಪನಿಗೆ ಒಬ್ಬ ಹಡಗಿನವನು ಕೊಟ್ಟಿದ್ದನಂತೆ. ಅತ್ತಿಲಿಯೊ ಭಾನುವಾರ ಅದನ್ನು ವೈನಿನಲ್ಲಿ ತೊಳೆಯುವನು. ಊದಿ ಊದಿ ಅವನ ಮೇಲಿನ ತುಟಿಯ ಮಧ್ಯೆ ಕಾಯಿಕಟ್ಟಿತ್ತು. ನಮ್ಮ ಮದುವೆಯ ದಿನ ಬಾಲ್ದೊ ಎಲ್ಲರ ಮುಂದೆ, "ಎರ್ಮಿನಿಯಾ, ಇವನಿಗೆ ಮುತ್ತು ಕೊಡೋದೂ ಒಂದೇ, ಕುದುರೆ ಗೊರಸಿಗೆ ಕೊಡೋದೂ ಒಂದೇ" ಅಂದ. ಬಾಲ್ದೊ ಅವನ ಜೀವದ ಗೆಳೆಯ. ಕಲ್ಲನ್ನು ಹಗ್ಗ ಕಟ್ಟಿ, ಸೋಪು ಸವರಿದ ತೊಲೆಗಳ ಮೇಲೆ ಕೆಳಗೆ ಜಾರಿಸುವ ತಂಡಕ್ಕೆ ಅವನೇ ಮುಂದಾಳು.

ಶಂಖಕ್ಕೆ ಇನ್ನೊಂದು ಕೂಗಿತ್ತು. ಉದ್ದದ್ದು, ಮೂರು ಸಲ. ಬೆಟ್ಟದಲ್ಲಿ ಒಬ್ಬ ಸತ್ತ ಅಂತ ಅದರ ಅರ್ಥ. ಅದು ಕೇಳಿಸಿದರೆ ಎಲ್ಲ ಗಣಿಯವರೂ ಇದ್ದಲ್ಲೇ ಹಾರೆ ಬಿಟ್ಟು ಇಳಿಯುವರು. ಆ ದಿನ ಸತ್ತವನ ದಿನ. ಯಜಮಾನರು ಎಷ್ಟು ಬೈದುಕೊಂಡರೂ ತಾತನ ಕಾಲದಿಂದ ಹಾಗೇ ನಡೆದಿತ್ತು.

ಅತ್ತಿಲಿಯೊಗೆ ಯಜಮಾನರೂ ಬೇಡ, ಸರಕಾರವೂ ಬೇಡ, ಪಾದ್ರಿಯೂ ಬೇಡ. ನಮ್ಮ ಬೆಟ್ಟದಲ್ಲಿ ಅರ್ಧ ಜನ ಹಾಗೇ. ಪಾದ್ರಿ ಎದುರಾದರೆ ಅಪಶಕುನ ಕಳೆಯಲೆಂದು ಜೇಬಿನಲ್ಲಿದ್ದ ಕಬ್ಬಿಣದ ಬೀಗದಕೈ ಮುಟ್ಟಿಕೊಳ್ಳುವನು. "ದೇವರೇ ಇಲ್ಲ ಅಂತೀಯ, ಅಪಶಕುನ ಎಲ್ಲಿಂದ ಬಂತು?" ಎಂದು ಕೇಳಿದೆ ಒಮ್ಮೆ.

"ದೇವರು ಕಣ್ಣಿಗೆ ಬೀಳಲ್ಲ ಕಣೇ. ಇವನು ಬೀಳ್ತಾನೆ."

ಮಗಳಿಗೆ ಲಿಬೆರಾ ಎಂದು ಹೆಸರಿಟ್ಟ, ಬಿಡುಗಡೆ ಎಂದು ಅದರ ಅರ್ಥ. ಶಾಲೆಯಲ್ಲಿ ಟೀಚರಮ್ಮ ಆ ಹೆಸರು ಬರೆಯಲೊಲ್ಲದೆ ಮಾರಿಯಾ ಎಂದು ಬರೆದುಕೊಂಡರು. ಆಗ ಕರಿಯಂಗಿಯವರ, ಅಂದರೆ ಫ್ಯಾಸಿಸ್ಟ್ ಪಕ್ಷದವರ, ಕಾಲ ಬಂದಿತ್ತು.

ಅವರು ಮೊದಲು ಬಂದದ್ದು ಸಾವಿರದ ಒಂಬೈನೂರ ಇಪ್ಪತ್ತೊಂದನೇ ಇಸವಿಯಲ್ಲಿ, ಲಾರಿಯಲ್ಲಿ. ಕೆಲಸಗಾರರ ಸಂಘದ ಮನೆ ಸುಟ್ಟರು. ಅತ್ತಿಲಿಯೊನನ್ನು ಕುರ್ಚಿಗೆ ಕಟ್ಟಿ ಒಂದು ಬಾಟಲಿ ಹರಳೆಣ್ಣೆ ಕುಡಿಸಿದರು. ಮೂರು ದಿನ ಹಿತ್ತಲಲ್ಲೇ ಇದ್ದ. ಬಾಲ್ದೊ ನೋಡಲು ಬಂದು, "ಹೊಟ್ಟೆ ತೊಳೆದ್ರು ಸರಿ, ತಲೆ ತೊಳೆಯೋ ಎಣ್ಣೆ ಇನ್ನೂ ಸಿಕ್ಕಿಲ್ವಂತೆ" ಅಂದ. ಅತ್ತಿಲಿಯೊ ಹಿತ್ತಲಿನಿಂದಲೇ ನಕ್ಕ. ಆಗ ಇನ್ನೂ ನಗುತ್ತಿದ್ದರು.

ಆಮೇಲೆ ಅವರೇ ಸರಕಾರವಾದರು. ಪಕ್ಷದ ಕಾರ್ಡು ಇದ್ದವನಿಗೆ ಮೊದಲು ಕೆಲಸ ಎಂದಾಯಿತು. ಊರಿಗೆ ಪೆಲ್ಲಿನಿ ಎಂಬವನು ಪಕ್ಷದ ಕಾರ್ಯದರ್ಶಿಯಾದ. ಮೊದಲು ಪೇಟೆಯಲ್ಲಿ ಟೋಪಿ ಮಾರುತ್ತಿದ್ದವನು. ಗಣಿಯ ಗುಡಿಸಲಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಸಾವಾದರೆ ಆ ಗಣಿ ಒಂದೇ ಗಂಟೆ ನಿಲ್ಲಬಹುದು. ಬೇರೆ ಗಣಿ ನಿಂತರೆ ಅದು ಮುಷ್ಕರ. ಮುಷ್ಕರ ಎಂದರೆ ಜೈಲು.

ಇಪ್ಪತ್ತೆಂಟರ ಸೆಪ್ಟೆಂಬರಿನಲ್ಲಿ ಹಗ್ಗ ಹರಿದು ಕಲ್ಲು ಸೆವೆರೊನ ಮೇಲೆ ಹೋಯಿತು. ಬಾಲ್ದೊನ ತಂಡದವನು, ಮದುವೆಯಾಗಿ ಐದು ತಿಂಗಳು. ಮೇಸ್ತ್ರಿ ಅತ್ತಿಲಿಯೊನ ಹತ್ತಿರ ಓಡಿ ಬಂದ.

"ಶಂಖ ಮುಟ್ಟಬೇಡ ಮಾರಾಯ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಸೆವೆರೊನ ಒಳ್ಳೇದು ಯಾರು ನೋಡ್ತಾರೆ?" ಅಂದ ಅತ್ತಿಲಿಯೊ. ಊದಿದ.

ನಾನು ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಇದ್ದೆ. ಮೂರೂ ಕೂಗು ಕೇಳಿತು. ಎಲ್ಲ ಹೆಂಗಸರ ಕೈ ನಿಂತಿತು. ನನಗೆ ಮಾತ್ರ ಭಯವಾಗಲಿಲ್ಲ. ಊದುವವನು ಸತ್ತವನಲ್ಲವಲ್ಲ. ನನ್ನ ಪಕ್ಕ ಇದ್ದ ಸೆವೆರೊನ ಹೆಂಡತಿ ನನ್ನ ಮುಖ ನೋಡಿದಳು. ಆ ನೋಟ ನೆನಪಿದೆ. ಆಮೇಲೆ ಬೆಟ್ಟದ ಒಂದೊಂದೇ ಗಣಿಯ ಸದ್ದು ನಿಂತು, ಜನ ಇಳಿಯತೊಡಗಿದರು. ಕಲ್ಲುಪುಡಿಯಿಂದ ಬೆಳ್ಳಗೆ, ಸಾಲಾಗಿ, ನೂರಾರು ಜನ.

ಮೂರನೇ ದಿನ ಮಧ್ಯಾಹ್ನ ಪೆಲ್ಲಿನಿ ಇಬ್ಬರು ಪೊಲೀಸರ ಜೊತೆ ಬಂದ. ಅತ್ತಿಲಿಯೊ ಉಣ್ಣುತ್ತಿದ್ದ. ಚೆಸ್ಟ್‌ನಟ್ ಕಾಯಿಯ ಹಿಟ್ಟಿನ ರೊಟ್ಟಿ ಮಾಡಿದ್ದೆ.

"ಉಣ್ಣಪ್ಪ, ಉಣ್ಣು. ಅವಸರ ಏನಿಲ್ಲ" ಅಂದ ಪೆಲ್ಲಿನಿ.

"ನನಗೂ ಇಲ್ಲ" ಅಂದ ಅತ್ತಿಲಿಯೊ. "ಎರ್ಮಿ, ಇನ್ನೊಂದು ಹಾಕು."

ಹಾಕಿದೆ. ನಿಧಾನವಾಗಿ ತಿಂದ. ಬಾಯಿ ಒರೆಸಿಕೊಂಡು ಎದ್ದು ಹೋದ. ಐದು ವರ್ಷ ದ್ವೀಪದಲ್ಲಿ ಇರಬೇಕು ಎಂದು ಶಿಕ್ಷೆ ಆಯಿತು. ಲಿಪಾರಿ ಎಂಬ ದ್ವೀಪ. ಸುತ್ತ ಕಡಲು.

ವಾರಕ್ಕೊಂದು ಕಾಗದ ಬರುತ್ತಿತ್ತು, ಒಂದೇ ಹಾಳೆ. ಲಿಬೆರಾ ಓದುವಳು. ಸರಕಾರದವರು ಮೊದಲೇ ಓದಿ, ಬೇಡದ ಸಾಲಿಗೆ ಮಸಿ ಬಳಿದಿರುತ್ತಿದ್ದರು. ಮೂರನೇ ವರ್ಷದ ಚಳಿಗಾಲದಲ್ಲಿ "ಕೆಮ್ಮು ಇದೆ" ಎಂದು ಬರೆದಿದ್ದ. ಮುಂದಿನ ಸಾಲಿಗೆ ಮಸಿ. ಲಿಬೆರಾ ಹಾಳೆಯನ್ನು ಕಿಟಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು.

"ಏನಿದೆ?" ಎಂದೆ.

"ಕರವಸ್ತ್ರದಲ್ಲಿ ರಕ್ತ ಅಂತಿದೆ, ಅಮ್ಮ."

ಮಾರನೇ ದಿನ ನಾನು ಪಾದ್ರಿಯ ಮನೆಗೆ ಹೋದೆ. ದೋನ್ ಚೆಸಾರೆ ಕೋಳಿಗೆ ಕಾಳು ಹಾಕುತ್ತಿದ್ದರು.

"ಎರ್ಮಿನಿಯಾ! ದಾರಿ ತಪ್ಪಿದೆಯೇನಮ್ಮ?"

"ಇಲ್ಲ ಸ್ವಾಮಿ. ಕಾಗದ ಬರೆಸಬೇಕಿತ್ತು. ಸರಕಾರದ ಯಜಮಾನನಿಗೆ."

ಅವರಿಗೆ ಅರ್ಥವಾಯಿತು. ಅಂಥ ಕಾಗದ ಬೇರೆಯವರಿಗೂ ಬರೆದುಕೊಟ್ಟಿದ್ದರು. ಒಳಗೆ ಕೂತು ಬರೆದರು, ಆಮೇಲೆ ಓದಿ ಹೇಳಿದರು. ನನ್ನ ಗಂಡನಿಗೆ ತನ್ನ ತಪ್ಪು ಗೊತ್ತಾಗಿದೆ. ಪಶ್ಚಾತ್ತಾಪ ಪಡುತ್ತಿದ್ದಾನೆ. ತಮ್ಮ ಮುಂದೆ ತಲೆಬಾಗಿ ಕ್ಷಮೆ ಬೇಡುತ್ತಾನೆ.

"ಇದು ನಿಜವೇನಮ್ಮ?"

"ಅಲ್ಲ."

"ಅವನಿಗೆ ಗೊತ್ತಾ?"

"ಇಲ್ಲ. ಕೇಳಿದ್ರೆ ಬೇಡ ಅಂತಾನೆ."

"ಮತ್ತೆ?"

"ಅವನು ಬದುಕಿರಬೇಕು ಸ್ವಾಮಿ. ನನಗೆ ಅಷ್ಟೇ."

ಪೆನ್ನು ಕೊಟ್ಟರು. ನನ್ನ ಹೆಸರು ಬರೆಯಲು ನನಗೆ ಬರುತ್ತದೆ. ಒಂದಕ್ಷರವೂ ತಪ್ಪದೆ ಬರೆದೆ.

ಜೂನ್‌ನಲ್ಲಿ ಬಿಟ್ಟರು. ನಿನಗೆ ಕ್ಷಮೆಯಾಗಿದೆ, ಹೊರಡು ಎಂದರಂತೆ. ಯಾಕೆ ಎಂದು ಹೇಳಲಿಲ್ಲ. ಕಾಯಿಲೆಯವನು ಇಲ್ಲೇ ಸಾಯುವುದು ಬೇಡ ಎಂದು ಬಿಟ್ಟಿರಬೇಕು ಅಂದುಕೊಂಡನಂತೆ. ಅವನು ಬರುವ ಮೂರು ದಿನ ಮುಂಚೆಯೇ ಪೆಲ್ಲಿನಿ ಪಕ್ಷದ ಮನೆಯ ಬಾಗಿಲಿಗೆ ದೊಡ್ಡ ಅಕ್ಷರದ ಹಾಳೆ ಅಂಟಿಸಿದ್ದ. ಅತ್ತಿಲಿಯೊ ವನೆಲ್ಲಿ ಪಶ್ಚಾತ್ತಾಪಪಟ್ಟು ಕ್ಷಮೆ ಬೇಡಿದ್ದಾನೆ ಎಂದು ಅದರಲ್ಲಿತ್ತು. ನನ್ನ ಹೆಸರು ಇರಲಿಲ್ಲ. ಇದು ಹೀಗಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಕಾಗದ ಹೋಗುತ್ತದೆ, ಅವನು ಬರುತ್ತಾನೆ, ಅಷ್ಟೇ ಅಂದುಕೊಂಡಿದ್ದೆ. ಹಾಳೆಯನ್ನು ಕಿತ್ತುಹಾಕಲಿಲ್ಲ. ಕಿತ್ತರೆ ಅವನನ್ನು ಬಿಡದೇ ಹೋದರೆ?

ಬಂದ. ಅಂಗಿ ಅವನ ಮೈಮೇಲೆ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಲಿಬೆರಾಳನ್ನು ನೋಡಿ, "ಎಷ್ಟುದ್ದ ಆಗಿದೀಯೇ" ಅಂದ. ಮುಖ ತೊಳೆದು ಸೀದಾ ವೈನಿನಂಗಡಿಗೆ ಹೋದ, ಗೆಳೆಯರನ್ನು ನೋಡಲು. ನಾನು ತಡೆಯಲಿಲ್ಲ. ಏನೆಂದು ತಡೆಯಲಿ?

ಹೋದಷ್ಟೇ ಬೇಗ ಬಂದ. ಅವನು ಹೋಗಿ ಕೂತ ಕೂಡಲೆ ಆ ಮೇಜಿನವರೆಲ್ಲ ಎದ್ದರಂತೆ. ಬಾಲ್ದೊ ಕೊನೆಗೆ ಎದ್ದನಂತೆ. "ಶಾಯಿ ರುಚಿ ಹೇಗಿತ್ತು, ವನೆಲ್ಲಿ?" ಅಂದನಂತೆ. ಹುಟ್ಟಿದಾಗಿನಿಂದ ಅತ್ತಿಲಿಯೊ ಎಂದು ಕರೆದವನು, ಈಗ ಪರಕೀಯನಂತೆ ಮನೆತನದ ಹೆಸರು ಹಿಡಿದ.

"ನೀನು ಬರೆಸಿದೆಯಾ?" ಎಂದು ಕೇಳಿದ ನನ್ನನ್ನು.

"ಹೌದು."

"ಯಾರ ಹತ್ರ?"

"ಪಾದ್ರಿ ಹತ್ರ."

ಅವನ ಕೈ ಜೇಬಿಗೆ ಹೋಯಿತು, ಬೀಗದಕೈಗೆ. ದ್ವೀಪಕ್ಕೆ ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟಿದ್ದ. ಖಾಲಿ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತ.

"ನಾಳೆ ನಾನೇ ಹೋಗಿ ಹೇಳ್ತೀನಿ ಅವರಿಗೆ, ನಾನು ಬರೆಸಿದ್ದು ಅಂತ" ಎಂದೆ.

"ಬೇಡ. ಹೆಂಡತಿ ಲಂಗದ ಹಿಂದೆ ಅವಿತುಕೊಂಡ ಅಂತಾರೆ. ಅದಕ್ಕಿಂತ ಇದೇ ವಾಸಿ. ನಿನ್ನ ಮುಖಕ್ಕೂ ಉಗೀತಾರೆ. ಮನೆಗೆ ಒಂದು ಮುಖ ಸಾಕು."

"ಸೂಪು ಆರಿಹೋಗ್ತಿದೆ" ಎಂದೆ. ಕೂತು ಉಂಡ.

ಮೂರು ವರ್ಷ ಎಂಟು ತಿಂಗಳು ಬದುಕಿದ. ಕಾರ್ಡು ತೆಗೆದುಕೊಳ್ಳಲಿಲ್ಲ, ಹಾಗಾಗಿ ಗಣಿಯ ಕೆಲಸ ಸಿಗಲಿಲ್ಲ. ಕೆಳಗಿನ ರಸ್ತೆಗೆ ಜಲ್ಲಿ ಒಡೆಯುತ್ತಿದ್ದ, ಒಬ್ಬನೇ ಕೂತು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಕೈ ಎತ್ತಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು, ಇಂಥ ಮಾತು ಆಡುತ್ತಿದ್ದ. ಶಂಖ ಬೀರುವಿನ ಮೇಲಿತ್ತು. ಧೂಳು ಹೊಡೆಯುವಾಗ ಒಮ್ಮೆ, "ಒಂದು ಸಲ ಊದು, ಕೇಳೋಣ" ಎಂದೆ. "ಉಸಿರಿಲ್ಲ" ಅಂದ. ನಿಜವಾಗಿಯೂ ಇರಲಿಲ್ಲ.

ಅಷ್ಟು ದಿನ ಸಿಕ್ಕಿದ್ದು ನನಗೆ ಸಾಕಿತ್ತೇ ಎಂದರೆ, ಹೌದು. ಅವನು ಮನೆಯಲ್ಲಿದ್ದ. ಅವನಿಗೂ ಅಷ್ಟು ಸಾಕಿತ್ತೇ ಎಂದು ನಾನು ಕೇಳಲಿಲ್ಲ.

ಸತ್ತ ದಿನ ಒಂಬತ್ತು ಗಂಟೆಗೆ ಪೆಲ್ಲಿನಿ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ತಪ್ಪು ಒಪ್ಪಿಕೊಂಡ ಮನುಷ್ಯನಮ್ಮ. ಪಕ್ಷ ಇಂಥವರನ್ನ ಮರೆಯಲ್ಲ. ನಾಳೆ ಎರಡು ಗಂಟೆಗೆ ನಮ್ಮ ಆರು ಜನ ಬರ್ತಾರೆ, ಅಂಗಿ ಹಾಕ್ಕೊಂಡು, ಬಾವುಟ ತಗೊಂಡು. ಮರ್ಯಾದೆಯಿಂದ ಹೊತ್ಕೊಂಡು ಹೋಗ್ತಾರೆ."

"ಅವನ ಜೊತೆಯವರು ಹೊರ್ತಾರೆ" ಎಂದೆ.

"ಯಾರು?" ಅಂದ. ಕೊಂಕಿನಿಂದ ಕೇಳಲಿಲ್ಲ. ಕಿಟಕಿಯಿಂದ ಹೊರಗೆ ನೋಡಿದ. ಬೀದಿಯಲ್ಲಿ ಯಾರೂ ಇರಲಿಲ್ಲ. "ನಾಳೆ ಎರಡು ಗಂಟೆಗೆ" ಎಂದು ಹೇಳಿ ಹೋದ.

ನಾನು ಕೂತು ಯೋಚಿಸಿದೆ. ಬದುಕಿದ್ದಾಗ ಅವನ ಹೆಸರಿನಲ್ಲಿ ನಾನು ತಲೆಬಾಗಿದ್ದೆ. ಈಗ ಅವನನ್ನು ಆ ಬಾವುಟದ ಕೆಳಗೆ ಕಳಿಸಿದರೆ, ಕಾಗದದಲ್ಲಿ ಇದ್ದದ್ದೆಲ್ಲ ನಿಜವಾಗುತ್ತದೆ. ಬೇಡ ಅಂದಿದ್ದವನು ಈಗ ಇಲ್ಲ. ಇನ್ನು ಉಗಿಯಲು ಉಳಿದಿದ್ದ ಮುಖ ನನ್ನದೊಂದೇ.

ಬುಧವಾರ ಲಿಬೆರಾಳನ್ನು ಅವನ ಹತ್ತಿರ ಕೂರಿಸಿ, ಶಂಖವನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಗಣಿಗೆ ಹತ್ತಿದೆ. ಊಟದ ಹೊತ್ತು. ಬಾಲ್ದೊನ ತಂಡ ಗುಡಿಸಲಿನ ಮುಂದೆ ಕೂತು ರೊಟ್ಟಿ, ಉಪ್ಪುಹಾಕಿದ ಹಂದಿಕೊಬ್ಬು, ಹಸಿ ಈರುಳ್ಳಿ ತಿನ್ನುತ್ತಿತ್ತು.

"ಬಾಲ್ದೊ, ಆ ಕಾಗದ ಬರೆಸಿದ್ದು ನಾನು. ದೋನ್ ಚೆಸಾರೆ ಬರೆದ್ರು, ನಾನು ಸಹಿ ಹಾಕಿದೆ. ಅವನಿಗೆ ಗೊತ್ತೇ ಇರಲಿಲ್ಲ."

"ಸತ್ತ ಮೇಲೆ ಸುಣ್ಣ ಬಳೀತಿದಾಳೆ" ಅಂದ ಹಿಂದಿನಿಂದ ಒಬ್ಬ.

"ಪಾದ್ರಿಯನ್ನ ಕೇಳಿ ಬಾ ಹೋಗು" ಎಂದೆ ಅವನಿಗೆ. "ನಿನಗೆ ಕಾಲಿದೆಯಲ್ಲ."

ಬಾಲ್ದೊ ಈರುಳ್ಳಿ ಕೊಯ್ಯುತ್ತಿದ್ದ. ತಲೆ ಎತ್ತಲಿಲ್ಲ. "ನಾಲ್ಕು ವರ್ಷ ಬಾಯಲ್ಲಿ ಏನು ತುಂಬ್ಕೊಂಡಿದ್ದೆ?"

"ಅವನು ಹೇಳಬೇಡ ಅಂದಿದ್ದ. ಹೆಂಡತಿ ಲಂಗದ ಹಿಂದೆ ಅವಿತುಕೊಂಡ ಅಂತ ನೀವು ಆಡಿಕೊಳ್ತೀರ ಅಂದ."

"ಆಡಿಕೊಳ್ತಿದ್ವಿ" ಅಂದ ಬಾಲ್ದೊ. ಚಾಕು ನಿಲ್ಲಿಸದೆ, "ಈಗ ಯಾಕೆ ಹೇಳ್ತಿದೀಯ?"

"ಹೊರೋರು ಬೇಕು. ಎರಡು ಗಂಟೆಗೆ ಕರಿಯಂಗಿಯವರು ಬರ್ತಾರೆ."

ಅವನು ಇಡೀ ಈರುಳ್ಳಿ ಕೊಯ್ದು ಮುಗಿಸಿದ. ಒಂದು ಚೂರೂ ತಿನ್ನಲಿಲ್ಲ. ಕೆಲಸದ ಹೊತ್ತಿನಲ್ಲಿ ಇಳಿದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬನ್ನಿ ಎಂದು ಬೇಡಿಕೊಳ್ಳಲಿಲ್ಲ. ಒಂದು ಸಲ ಬೇಡಿ ಆಗಿತ್ತು. ಶಂಖವನ್ನು ಕಲ್ಲಿನ ಮೇಲಿಟ್ಟೆ.

"ಇದು ಮನೇಲಿ ಬೇಡ ನನಗೆ" ಎಂದು ಹೇಳಿ ಇಳಿದು ಬಂದೆ.

ಎರಡು ಗಂಟೆಗೆ ಸರಿಯಾಗಿ ಆರು ಜನ ಬಂದರು. ಅಂಗಿಗೆ ಇಸ್ತ್ರಿ ಹಾಕಿದ್ದರು. ಪೆಟ್ಟಿಗೆ ಎರಡು ಕುರ್ಚಿಗಳ ಮೇಲಿತ್ತು. "ತಲೆ ಯಾವ ಕಡೆ?" ಎಂದು ಒಬ್ಬ ಕೇಳಿದ. ನಾನು ಹೇಳಲಿಲ್ಲ. ಪೆಲ್ಲಿನಿ ಬಾವುಟವನ್ನು ಗೋಡೆಗೆ ಒರಗಿಸಿ, "ಎತ್ತಿ" ಅಂದ.

ಆಗ ಮೇಲಿನಿಂದ ಶಂಖ ಕೇಳಿತು. ಮೊದಲನೆಯದು ಮಧ್ಯದಲ್ಲೇ ಒಡೆಯಿತು, ಎಳೆಗರು ಕೂಗಿದ ಹಾಗೆ. ಅತ್ತಿಲಿಯೊ ಊದಿದ್ದರೆ ಕಣಿವೆ ತುಂಬುತ್ತಿತ್ತು. ಎರಡನೆಯದು ವಾಸಿ. ಮೂರನೆಯದೂ ಬಂತು. ಹೆಂಗಸರು ಬಾಗಿಲಿಗೆ ಓಡಿ ಬಂದರು, ಎದೆ ಹಿಡಿದುಕೊಂಡು, ತಮ್ಮ ತಮ್ಮವರ ಹೆಸರು ಹೇಳಿಕೊಂಡು. ಆ ದಿನ ಬೆಟ್ಟದಲ್ಲಿ ಯಾರೂ ಸತ್ತಿರಲಿಲ್ಲ.

ಮೊದಲಿನಂತೆ ಬೆಟ್ಟವೆಲ್ಲ ಇಳಿಯಲಿಲ್ಲ. ಹದಿನಾಲ್ಕು ಜನ ಬಂದರು. ಮುಖ, ರೆಪ್ಪೆ, ಕೈ, ಎಲ್ಲ ಬೆಳ್ಳಗೆ. ಮುಂದೆ ಬಾಲ್ದೊ, ಕಂಕುಳಲ್ಲಿ ಶಂಖ.

"ಯಾರು ಸತ್ತಿದ್ದು? ಯಾವ ಗಣಿ?" ಅಂದ ಪೆಲ್ಲಿನಿ.

"ನಮ್ಮ ಗಣಿಯವನು. ಇಲ್ಲೇ ಮಲಗಿದಾನಲ್ಲ."

"ಬಾಲ್ದೊ, ಇದು ಮುಷ್ಕರ. ಗೊತ್ತಿದೆ ತಾನೆ?"

"ಗೊತ್ತಿದೆ. ನಿಮ್ಮ ಹುಡುಗರಿಗೆ ಪಕ್ಕಕ್ಕೆ ಹೋಗೋಕೆ ಹೇಳಿ. ಕರಿ ಅಂಗಿಗೆ ಬಿಳಿ ಪುಡಿ ಹತ್ತಿದ್ರೆ ಎದ್ದು ಕಾಣುತ್ತೆ."

ಪೆಲ್ಲಿನಿ ಹದಿನಾಲ್ಕು ಮುಖಗಳನ್ನೂ ಒಂದೊಂದಾಗಿ ನೋಡಿದ. ಜಗಳಕ್ಕೆ ಹೋಗಲಿಲ್ಲ. ಹೆಸರು ಸಿಕ್ಕಿತ್ತು, ಅವನಿಗೆ ಅಷ್ಟು ಸಾಕು. ಆರು ಜನರನ್ನು ಕರೆದುಕೊಂಡು ಹೊರಟ. ಬಾವುಟವನ್ನು ಗೋಡೆಯ ಹತ್ತಿರವೇ ಮರೆತು ಹೋಗಿ, ಒಬ್ಬನನ್ನು ವಾಪಸು ಕಳಿಸಿದ.

ಹೊತ್ತರು. ಮೆಟ್ಟಿಲಿನಲ್ಲಿ ಎರಡು ಸಲ ಹೆಗಲು ಬದಲಾಯಿಸಿದರು. ನಾನೂ ಲಿಬೆರಾಳೂ ಹಿಂದೆ ನಡೆದೆವು. ಪೆಟ್ಟಿಗೆಯ ಮೇಲೆ ಅವರ ಬೆರಳಿನ ಬಿಳಿ ಗುರುತು ಮೂಡಿತ್ತು. ಅದನ್ನೇ ನೋಡುತ್ತ ಹತ್ತಿದೆ. ಏನೂ ಅನ್ನಿಸಲಿಲ್ಲ. ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮಣ್ಣು ಹಾಕಿದ ಮೇಲೆ ಬಾಲ್ದೊ ಗೋರಿಯ ಕಡೆಗೆ, "ಅತ್ತಿಲಿಯೊ" ಎಂದ. ಅಷ್ಟೇ ಹೇಳಿದ. ವನೆಲ್ಲಿ ಅನ್ನಲಿಲ್ಲ.

ಶುಕ್ರವಾರ ಅವನನ್ನು ಹಿಡಿದರು. ಸಾಕ್ಷಿ ಎಂದು ಶಂಖವನ್ನೂ ಒಯ್ದರು, ಅದು ವಾಪಸು ಬರಲಿಲ್ಲ. ಉಳಿದವರನ್ನು ಕೆಲಸದಿಂದ ತೆಗೆದರು. ಬಾಲ್ದೊಗೆ ಮೂರು ವರ್ಷ, ಬೇರೊಂದು ದ್ವೀಪ.

ಬೇಸಿಗೆ ಕಳೆಯಿತು. ಒಂದು ಮಧ್ಯಾಹ್ನ ಬಾಲ್ದೊನ ಹೆಂಡತಿ ದೆರ್ನಾ ಬಂದಳು. ನಾಲ್ಕು ವರ್ಷದಲ್ಲಿ ನನ್ನ ಹೊಸ್ತಿಲು ತುಳಿದಿರಲಿಲ್ಲ. ಕೂತಳು. ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ತಿರುಗಿಸುತ್ತ ಇದ್ದಳು.

"ಅವನಿಗೆ ಜ್ವರ ಬಿಡ್ತಿಲ್ವಂತೆ, ಎರ್ಮಿ."

"ಹೂಂ."

"ಆ ಕಾಗದದಲ್ಲಿ ಏನಂತ ಬರೆಸಿದೆ? ಮಾತು ನೆನಪಿದೆಯಾ?"

ನೆನಪಿತ್ತು. ಈಗಲೂ ಒಂದು ಮಾತು ಬಿಡದೆ ಹೇಳಬಲ್ಲೆ. ಹೇಳಿದೆ. ಅವಳಿಗೆ ಬೇಕಿತ್ತು, ಬೇಡ ಅನ್ನಲು ನಾನು ಯಾರು? ಅವಳು ತುಟಿ ಅಲ್ಲಾಡಿಸುತ್ತ ಕೇಳಿಸಿಕೊಂಡಳು.

"ಅವನನ್ನ ಕೇಳಿ ಬರೆಸು. ನಾನು ಕೇಳಲಿಲ್ಲ" ಎಂದೆ.

"ಕೇಳಿದ್ರೆ ಬೇಡ ಅಂತಾನೆ."

"ಹೌದು."

"ಬದುಕಿ ಬಂದ್ನಲ್ಲ ನಿನ್ನ ಗಂಡ."

"ಬಂದ."

"ಮತ್ತೆ?"

ಅವಳು ನನ್ನ ಮುಖ ನೋಡಿದಳು, ಸೆವೆರೊನ ಹೆಂಡತಿ ಅವತ್ತು ತೊಟ್ಟಿಯ ಹತ್ತಿರ ನೋಡಿದ ಹಾಗೆ. ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು.

ದೆರ್ನಾ ಕಾಗದ ಬರೆಸಲಿಲ್ಲ. ಬಾಲ್ದೊ ಮೂರು ವರ್ಷ ಪೂರಾ ಮುಗಿಸಿಯೇ ಬಂದ. ಒಂದು ಕಿವಿ ಕೇಳಿಸುವುದಿಲ್ಲ. ಮೆಟ್ಟಿಲಿನಲ್ಲಿ ಎದುರಾದರೆ ಟೋಪಿ ತೆಗೆಯುತ್ತಾನೆ. ನನಗಾಗಿಯೋ ಅತ್ತಿಲಿಯೊಗಾಗಿಯೋ ತಿಳಿಯದು. ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ.